ಗೋಸೇವೆಯಲ್ಲಿ ಭೃತ್ಯಾಚಾರ ಮತ್ತು ಗಣಾಚಾರ

ವೀರಶೈವ ಸಿದ್ಧಾಂತದಲ್ಲಿ ಅಷ್ಟಾವರಣಗಳು ಅಂಗವೆಂದೂ, ಪಂಚಾಚಾರಗಳು ಪ್ರಾಣವೆಂದೂ, ಷಟ್‌ಸ್ಥಲಗಳು ಆತ್ಮವೆಂದೂ ಹಿರಿಯರು ನಿರೂಪಿಸಿರುವುದು ಸದ್ಭಕ್ತರಿಗೆಲ್ಲ ವಿದಿತವಾದ ವಿಷಯ. ಪ್ರಾಣಸ್ವರೂಪವಾದ ಈ ಐದು ಆಚಾರಗಳಲ್ಲಿ ಲಿಂಗಾಚಾರ, ಸದಾಚಾರ, ಶಿವಾಚಾರಗಳನ್ನು ಕುರಿತು ಪುರಾಣ ಪ್ರವಚನಗಳಲ್ಲಿ ಸಾಕಷ್ಟು ವಿವೇಚನೆ ನಡೆಯುತ್ತದೆ. ಉಳಿದ ಎರಡಾದ ಭೃತ್ಯಾಚಾರ, ಗಣಾಚಾರಗಳನ್ನು ಜೊತೆಗೂಡಿಸಿ ವಿಚಾರಿಸುವುದು ವಿರಳ. ಎಲ್ಲರಿಗಿಂತಲೂ ತಾನು ಕಿರಿಯನೆಂಬ ಭಾವದಿಂದ ಸೇವೆಗೆ ನಿಲ್ಲುವುದು ಭೃತ್ಯಾಚಾರ. ಶಿವನಿಂದೆಯನ್ನೂ ಶಿವಧರ್ಮಕ್ಕೆ ಒದಗಿದ ಕುಂದನ್ನೂ ಸೈರಿಸದಿರುವುದು ಗಣಾಚಾರ. ಒಂದು ಬಾಗುವ ಗುಣ, ಇನ್ನೊಂದು ಬಾಗದ ಗುಣ. ಮೇಲುನೋಟಕ್ಕೆ ವಿರುದ್ಧವಾಗಿ ತೋರುವ ಇವೆರಡೂ ಒಬ್ಬನೇ ಭಕ್ತನಲ್ಲಿ ಏಕಕಾಲಕ್ಕೆ ನೆಲೆಸುವುದು ಹೇಗೆ? ಈ ಪ್ರಶ್ನೆಗೆ ಗ್ರಂಥಗಳಲ್ಲಿ ದೊರೆಯುವ ಉತ್ತರವು ದನದ ಕೊಟ್ಟಿಗೆಯಲ್ಲಿ ನಿಂತಾಗ ಇನ್ನಷ್ಟು ಸ್ಪಷ್ಟವಾಗುತ್ತದೆ.

ಶರಣಧರ್ಮಕ್ಕೂ ದನಕರುಗಳಿಗೂ ಇರುವ ನಂಟು ಹೊಸದಲ್ಲ. ಬಸವ ಎಂಬ ಶಬ್ದವೇ ಸಂಸ್ಕೃತದ ವೃಷಭ ಶಬ್ದದ ತದ್ಭವ. ಧರ್ಮವನ್ನು ವೃಷಭರೂಪದಲ್ಲಿ ಕಾಣುವುದು ಈ ನಾಡಿನ ಪುರಾತನ ಭಾವನೆ. ೧೯೧೩ರಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಜೊತೆಗೂಡಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಮಾಡುವುದಕ್ಕೆ ಮೊದಲು, ಹಳ್ಳಿಗಳಲ್ಲಿ ಒಕ್ಕಲಿಗರು ಆ ದಿನ ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಬಳಿದು ಪೂಜಿಸುತ್ತಿದ್ದರು. ಇಂದಿಗೂ ಆ ಪದ್ಧತಿಯುಂಟು. ಸೊನ್ನಲಿಗೆಯ ಸಿದ್ಧರಾಮರು ಬಾಲ್ಯದಲ್ಲಿ ಕರುಗಳನ್ನು ಕಾಯುತ್ತಿದ್ದಾಗಲೇ ಮಲ್ಲಯ್ಯನ ದರ್ಶನವಾಯಿತೆಂದು ಅವರ ಚರಿತೆ ಹೇಳುತ್ತದೆ. ಕಲ್ಯಾಣದ ಶರಣಸಮೂಹದಲ್ಲಿ ತುರುಗಾಹಿ ರಾಮಣ್ಣನವರ ಕಾಯಕವೇ ದನ ಕಾಯುವುದು. ಆ ಕಾಯಕದಿಂದಲೇ ಅವರಿಗೆ ಹೆಸರು ಬಂದಿತು. ಅವರ ವಚನಗಳ ಅಂಕಿತವೂ ಗೋಪತಿನಾಥನದೇ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಹಿಂದುಳಿದ ಕರುಗಳ ಅಂಬಾ ಎಂಬ ಕೂಗನ್ನು ಕೇಳಲಾರದೆ, ಕರುಗಳನ್ನೂ ತಾಯಂದಿರ ಬಳಿಗೆ ಕಳುಹಿಸಿಕೊಟ್ಟರೆಂಬ ಕಥೆಯನ್ನು ಹಿರಿಯರು ಹೇಳುತ್ತ ಬಂದಿದ್ದಾರೆ. ತನ್ನ ಸ್ವತ್ತು ಹೋಯಿತೆಂಬ ಚಿಂತೆ ಆ ಮಹಾನುಭಾವರಿಗೆ ಇರಲಿಲ್ಲ. ಕರುವಿನ ಹಸಿವು ಒಂದೇ ಅವರಿಗೆ ಕೇಳಿಸಿತು. ಕರುಣೆಯನ್ನು ಧರ್ಮದ ಬೇರೆಂದು ಬೋಧಿಸಿದವರ ನಡೆಯೂ ಹಾಗೆಯೇ ಇದ್ದಿತು.

ಹೀಗಿರುವಲ್ಲಿ ಇಂದಿನ ಸ್ಥಿತಿಯೇನು? ಟ್ರಾಕ್ಟರು ಬಂದ ಮೇಲೆ ಎತ್ತಿಗೆ ಹೊಲದಲ್ಲಿ ಕೆಲಸ ಕಡಿಮೆಯಾಯಿತು. ಹಾಲು ಬತ್ತಿದ ಹಸುವೂ, ಗಂಡುಕರುವೂ ಮನೆಗೆ ಭಾರವೆನಿಸಿದವು. ೨೦೧೯ರ ಇಪ್ಪತ್ತನೆಯ ಜಾನುವಾರು ಗಣತಿಯಲ್ಲಿ ಭಾರತದಲ್ಲಿ ಸುಮಾರು ೫೦ ಲಕ್ಷ ಬೀಡಾಡಿ ದನಗಳು ಲೆಕ್ಕಕ್ಕೆ ಸಿಕ್ಕವು. ಕರ್ನಾಟಕದಲ್ಲಿ ೨೦೨೦ರ ಗೋಹತ್ಯಾ ನಿಷೇಧ ಕಾಯಿದೆಯ ನಂತರ ಗೋಶಾಲೆಗಳ ಮೇಲಿನ ಹೊಣೆ ಹೆಚ್ಚಿತು. ೨೦೨೨ರಲ್ಲಿ ಸಾರ್ವಜನಿಕರು ಗೋಶಾಲೆಯ ಹಸುಗಳ ಪೋಷಣೆಗೆ ಹಣ ನೀಡಲೆಂದು ಪುಣ್ಯಕೋಟಿ ದತ್ತು ಯೋಜನೆಯನ್ನು ಸರ್ಕಾರ ಆರಂಭಿಸಿತು. ಕಾಯಿದೆಯು ಪ್ರಾಣಿಯನ್ನು ಕತ್ತಿಯಿಂದ ಉಳಿಸಬಹುದು. ಉಳಿದ ಪ್ರಾಣಿಗೆ ಪ್ರತಿದಿನವೂ ಮೇವು ಹಾಕಿ ನೀರು ತೋರಿಸಬೇಕಾದವರು ಮನುಷ್ಯರೇ. ಕತ್ತಿಯಿಂದ ಪಾರಾದದ್ದು ಹಸಿವಿನಿಂದ ಸತ್ತರೆ ಯಾರ ಪುಣ್ಯ ಹೆಚ್ಚಿದಂತಾಯಿತು?

ದೃಷ್ಟಾಂತಕ್ಕಾಗಿ, ಹರಿಹರದ ಮಗ್ಗುಲಲ್ಲಿ ತುಂಗಭದ್ರೆಯ ಬಯಲಿನಲ್ಲಿರುವ ಗುತ್ತೂರಿನ ಒಬ್ಬ ಒಕ್ಕಲುಮಗನನ್ನು ಕಲ್ಪಿಸಿಕೊಳ್ಳಬಹುದು. ಅವನ ಹೆಸರು ಬೇಕಾಗಿಲ್ಲ. ಇಂಥವರು ಊರೂರಿನಲ್ಲಿಯೂ ಇದ್ದಾರೆ. ನಿತ್ಯ ಲಿಂಗಪೂಜಾನಿರತ, ಮಠಕ್ಕೆ ನಡೆದುಕೊಳ್ಳುವವನು, ನಾಲ್ಕೆಕರೆ ಭತ್ತದ ಗದ್ದೆಯುಳ್ಳವನು. ಅವನ ಮನೆಯಲ್ಲಿ ಹನ್ನೊಂದು ವರ್ಷ ದುಡಿದ ಒಂದು ಎತ್ತು. ಮನೆಯವರು ಅದನ್ನು ಬಸಣ್ಣನೆಂದು ಕರೆಯುತ್ತಿದ್ದರು. ಜೋಡಿಯ ಎತ್ತು ಸತ್ತಿತು, ಬಾಡಿಗೆಯ ಟ್ರಾಕ್ಟರು ಬಂದಿತು, ಬಸಣ್ಣನ ಕಾಲು ಬಿದ್ದುಹೋಯಿತು. ಕಟುಕರಿಗೆ ಮಾರಲು ಮನಸ್ಸೊಪ್ಪಲಿಲ್ಲ. ಹೊಳೆಯಾಚೆಯ ಒಂದು ಗೋಶಾಲೆಗೆ ಒಪ್ಪಿಸಿ, ಐನೂರು ರೂಪಾಯಿ ಕಾಣಿಕೆ ಕೊಟ್ಟು, ಹಣೆಗೆ ವಿಭೂತಿ ಹಚ್ಚಿ ಕೈಮುಗಿದು ಬಂದನು. ತನ್ನ ಕರ್ತವ್ಯ ತೀರಿತೆಂದು ಅವನ ಮನಸ್ಸು ಹಗುರವಾಯಿತು.

ಎಂಟು ತಿಂಗಳ ತರುವಾಯ ಕಾರಹುಣ್ಣಿಮೆ ಬಂದಿತು. ಊರಿನ ಹತ್ತು ಜನ ಯುವಕರು ಗೋಸೇವೆಗೆಂದು ಹೊರಟರು. ಅವನೂ ಜೊತೆಗೆ ಹೋದನು. ಹೋಳಿಗೆ, ಅನ್ನ, ಬೆಲ್ಲ, ಬಾಳೆಹಣ್ಣುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಕೊಂಡು ಹೋಗಿದ್ದರು. ಬಾಗಿಲ ಬಳಿಯಲ್ಲಿ ಕಟ್ಟಿದ್ದ ಮೈತುಂಬಿದ ನಾಲ್ಕು ಹಸುಗಳಿಗೆ ಅವನ್ನು ತಿನ್ನಿಸಿ, ಕೊರಳಿಗೆ ಹಾರ ಹಾಕಿ, ಚಿತ್ರ ತೆಗೆಸಿಕೊಂಡು ಯುವಕರು ಹಿಂದಿರುಗಲು ಅಣಿಯಾದರು. ಅವನಿಗೆ ತನ್ನ ಎತ್ತನ್ನು ಕಾಣುವ ಆಸೆ. ಒಬ್ಬನೇ ಹಿಂದಿನ ಕೊಟ್ಟಿಗೆಗೆ ಹೋದನು.

ಅಲ್ಲಿ ಕಂಡ ದೃಶ್ಯವನ್ನು ಬಣ್ಣಿಸುವುದು ಕಷ್ಟ. ಅರುವತ್ತು ದನಗಳಿಗೆ ಸಾಲುವ ಸ್ಥಳದಲ್ಲಿ ನೂರಾನಲವತ್ತು ದನಗಳು. ಮೊಣಕಾಲು ಮಟ್ಟ ಸಗಣಿ ಗಂಜಲದ ಕೆಸರು. ಗೋದಲಿಯಲ್ಲಿ ತುಳಿದು ಕಪ್ಪಾದ ಹುಲ್ಲು. ನೀರಿನ ತೊಟ್ಟಿಯಲ್ಲಿ ಹಸುರು ಪಾಚಿ. ಮೂಲೆಯಲ್ಲಿ ಒಂದು ಎತ್ತು ಒಂದೇ ಮಗ್ಗುಲಿಗೆ ಬಿದ್ದಿತ್ತು. ಚಪ್ಪೆಯ ಎಲುಬಿನ ಮೇಲೆ ಅಂಗೈಯಗಲದ ಹುಣ್ಣು, ಹುಣ್ಣಿನಲ್ಲಿ ಹುಳು. ಅವನು ಅರಿಯದೆಯೇ "ಬಸಣ್ಣಾ" ಎಂದನು. ಎತ್ತು ಕಿವಿ ನಿಮಿರಿಸಿತು. ಮುಂಗಾಲುಗಳನ್ನು ಊರಿ ಏಳಲು ಎರಡು ಸಲ ಯತ್ನಿಸಿ, ಏಳಲಾರದೆ ಕೆಸರಿನಲ್ಲಿ ಗದ್ದವಿಟ್ಟಿತು.

ಅವನ ಕೋಪವೆಲ್ಲ ಕೊಟ್ಟಿಗೆಯ ಆಳಿನ ಮೇಲೆ ತಿರುಗಿತು. "ನಿನ್ನ ಕೈಗೆ ಜೀವ ಕೊಟ್ಟು ಹೋದೆವಲ್ಲೋ, ಇದೇನು ಮಾಡಿದ್ದೀಯೆ?" ಎಂದನು. ಆ ಮುದುಕ ಸಲಿಕೆಯನ್ನು ಕೆಳಗಿಟ್ಟು, "ಯಜಮಾನರೇ, ನಾವಿರುವುದು ಇಬ್ಬರು. ದನ ನೂರಾನಲವತ್ತು. ಇಂದು ಬಂದವರಂತೆ ದಿನಾ ಬಂದು ಬಿಟ್ಟು ಹೋಗುವವರೇ ಎಲ್ಲರೂ. ನೀವು ಬಿಟ್ಟು ಹೋದ ದಿನ ಹುಲ್ಲು ಬಿಟ್ಟು ಹೋದಿರೇನು?" ಎಂದನು. ಅವನಿಗೆ ಬಾಯಿ ಬರಲಿಲ್ಲ.

ಇಂಥ ಸಂದರ್ಭದಲ್ಲಿ ಗೃಹಸ್ಥನ ಮುಂದೆ ಎರಡು ಸುಲಭ ಮಾರ್ಗಗಳು ತೆರೆದುಕೊಳ್ಳುತ್ತವೆ. ಮೊದಲನೆಯದು, ಕಣ್ಣು ಮುಚ್ಚಿ ಹೊರಬಂದು ಇನ್ನೆಂದೂ ಆ ಕಡೆ ತಲೆಹಾಕದಿರುವುದು. ಎರಡನೆಯದು, ಹೊರಗೆ ನಿಂತು ಕೂಗುವುದು. ಗೋಶಾಲೆಯವರು ಪಾಪಿಗಳೆಂದು ಊರೆಲ್ಲ ಸಾರಿ ತಾನು ಮಾತ್ರ ಶುದ್ಧನೆಂದುಕೊಳ್ಳುವುದು. ಮೊದಲನೆಯದರಲ್ಲಿ ಗಣಾಚಾರವಿಲ್ಲ, ಎರಡನೆಯದರಲ್ಲಿ ಭೃತ್ಯಾಚಾರವಿಲ್ಲ. ಎರಡರಲ್ಲಿಯೂ ಎತ್ತು ಬಿದ್ದಲ್ಲಿಯೇ ಬಿದ್ದಿರುತ್ತದೆ.

ಅವನು ಅಂದು ಸಂಜೆ ಗುರುಗಳ ಬಳಿಗೆ ಹೋಗಿ, "ಬುದ್ಧೀ, ಆ ಸ್ಥಳವನ್ನು ಮುಚ್ಚಿಸಬೇಕು. ನಾಳೆಯೇ ಪತ್ರಿಕೆಯವರನ್ನು ಕರೆದುಕೊಂಡು ಹೋಗುತ್ತೇನೆ" ಎಂದನು. ಗುರುಗಳು, "ಮುಚ್ಚಿಸಬಹುದಪ್ಪ. ಆ ನೂರಾನಲವತ್ತನ್ನು ಎಲ್ಲಿ ಕಟ್ಟುತ್ತೀಯೆ? ನಿನ್ನ ಕೊಟ್ಟಿಗೆಯಲ್ಲಿ ಒಂದಕ್ಕೇ ಸ್ಥಳವಿರಲಿಲ್ಲವಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಸಲಿಕೆ ಹಿಡಿ. ಸಗಣಿ ಎತ್ತಿದವನಿಗೆ ಲೆಕ್ಕ ಕೇಳುವ ಅಧಿಕಾರ ಬರುತ್ತದೆ. ಲೆಕ್ಕ ಕೇಳುವುದನ್ನೂ ಮರೆಯಬೇಡ" ಎಂದು ಅಪ್ಪಣೆ ಕೊಟ್ಟರು.

ಗುರುವಾಕ್ಯದಲ್ಲಿ ಎರಡೂ ಆಚಾರಗಳು ಅಡಗಿವೆ. ಸಲಿಕೆ ಹಿಡಿಯುವುದು ಭೃತ್ಯಾಚಾರ. ಲೆಕ್ಕ ಕೇಳುವುದು ಗಣಾಚಾರ. ೧೨೨೪ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯನ್ನು ಆ ಸೀಮೆಯವರೆಲ್ಲ ಬಲ್ಲರು. ಅರ್ಧ ಒಂದು ರೂಪ, ಅರ್ಧ ಇನ್ನೊಂದು. ವಿಗ್ರಹ ಮಾತ್ರ ಒಂದೇ. ಸೇವೆ ಮತ್ತು ಅಸಹನೆಗಳೂ ಸದ್ಭಕ್ತನಲ್ಲಿ ಹಾಗೆಯೇ ಕೂಡಿರತಕ್ಕವು.

ಅವನು ವಾರಕ್ಕೆ ಎರಡು ಮುಂಜಾವು ಗೋಶಾಲೆಗೆ ಹೋಗತೊಡಗಿದನು. ಮೊದಲ ತಿಂಗಳು ಯಾರನ್ನೂ ಏನನ್ನೂ ಕೇಳಲಿಲ್ಲ. ಕೆಸರು ಎತ್ತಿದನು, ತೊಟ್ಟಿ ತಿಕ್ಕಿ ಸುಣ್ಣ ಬಳಿದನು. ಬಸಣ್ಣನ ಅಡಿಗೆ ಒಣಹುಲ್ಲು ಹಾಸಿ, ಪಶುವೈದ್ಯರನ್ನು ಕರೆತಂದು ಹುಣ್ಣಿಗೆ ಔಷಧ ಹಾಕಿಸಿದನು. ಬಿದ್ದ ದನವನ್ನು ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಅದರ ಭಾರವೇ ಅದರ ಮಾಂಸವನ್ನು ಕೊಳೆಯಿಸುತ್ತದೆಂಬುದನ್ನು ವೈದ್ಯರಿಂದ ತಿಳಿದು, ಆ ಕೆಲಸವನ್ನು ಮುದುಕನೊಡನೆ ಹಂಚಿಕೊಂಡನು. ಮುದುಕನೂ ಅವನನ್ನು ಯಜಮಾನರೇ ಎನ್ನುವುದನ್ನು ಬಿಟ್ಟು ತಮ್ಮಾ ಎಂದು ಕರೆಯತೊಡಗಿದನು.

ಕೈ ಕೆಲಸದಲ್ಲಿದ್ದಾಗ ಕಣ್ಣು ತೆರೆಯಿತು. ಹಬ್ಬದ ದಿನ ಭಕ್ತಿಯಿಂದ ತಿನ್ನಿಸಿದ ಅನ್ನ, ಹೋಳಿಗೆ, ಬೆಲ್ಲಗಳು ಹೆಚ್ಚಾದರೆ ದನದ ಹೊಟ್ಟೆಯಲ್ಲಿ ಹುಳಿಯೇರಿ ಉಬ್ಬರ ಬಂದು ಪ್ರಾಣಕ್ಕೆ ಎರವಾಗುತ್ತವೆಂದು ಅವನು ತಿಳಿದನು. ನೈವೇದ್ಯ ತಂದ ಪ್ಲಾಸ್ಟಿಕ್ ಚೀಲವನ್ನು ಅಲ್ಲಿಯೇ ಬಿಟ್ಟರೆ ದನ ಅದನ್ನೂ ನುಂಗುತ್ತದೆ. ಅದು ಜೀರ್ಣವಾಗದೆ ಗಂಟುಗಟ್ಟಿ ಮೇವಿಗೆ ಸ್ಥಳವಿಲ್ಲದಂತೆ ಮಾಡುತ್ತದೆ. ಬರಿಯ ಭತ್ತದ ಹುಲ್ಲಿನಲ್ಲಿ ಸತ್ತ್ವ ಅತ್ಯಲ್ಪ. ಹೊಟ್ಟೆ ತುಂಬಿದರೂ ಮೈ ತುಂಬದು. ಹಸಿಮೇವು, ಹಿಂಡಿ, ಉಪ್ಪು ಇಲ್ಲದೆ ದನ ನಿಂತಲ್ಲಿಯೇ ಸೊರಗುತ್ತದೆ. ಕೊಂಬಿನ ಬಲಿಷ್ಠ ದನಗಳು ಗೋದಲಿಯಿಂದ ದುರ್ಬಲವಾದುವನ್ನು ದೂಡುತ್ತವೆ. ಬೇರೆ ಕಟ್ಟದಿದ್ದರೆ ಮೇವು ಇದ್ದೂ ಉಪವಾಸ. ಹೊಸದಾಗಿ ಬಂದ ದನವನ್ನು ಎರಡು ಮೂರು ವಾರ ಪ್ರತ್ಯೇಕವಾಗಿರಿಸದೆ ಗುಂಪಿಗೆ ಬಿಟ್ಟರೆ ಒಂದರ ರೋಗ ನೂರಕ್ಕೆ ಹರಡುತ್ತದೆ. ಕರ್ನಾಟಕದಲ್ಲಿ ೨೦೧೩ರ ಕಾಲುಬಾಯಿ ರೋಗವೂ ೨೦೨೨ರ ಚರ್ಮಗಂಟು ರೋಗವೂ ಕಲಿಸಿದ ಪಾಠವಿದು.

ಆಮೇಲೆ ಅವನು ಲೆಕ್ಕ ಹಾಕಿದನು. ಮುನ್ನೂರು ಕಿಲೋ ತೂಕದ ನಾಟಿ ದನಕ್ಕೆ ದಿನಕ್ಕೆ ಸುಮಾರು ೬ ಕಿಲೋ ಒಣಮೇವಿನಷ್ಟು ಆಹಾರ ಬೇಕು. ೧೪೦ ದನಗಳಿಗೆ ೮೪೦ ಕಿಲೋ, ಬರುತ್ತಿದ್ದುದು ೫೦೦. ದನವೊಂದಕ್ಕೆ ೩೦ ಲೀಟರು ನೀರೆಂದರೂ ೪,೨೦೦ ಲೀಟರು. ತೊಟ್ಟಿಗೆ ಬೀಳುತ್ತಿದ್ದುದು ಅದರ ಅರ್ಧ. ಚಾವಣಿಯ ಕೆಳಗೆ ದನವೊಂದಕ್ಕೆ ಮೂರೂವರೆ ಚದರ ಮೀಟರು, ಬಯಲಿನಲ್ಲಿ ಏಳು ಚದರ ಮೀಟರು ಇರಬೇಕೆಂಬುದು ಪಶುಪಾಲನೆಯ ಸಾಮಾನ್ಯ ಪ್ರಮಾಣ. ಅಲ್ಲಿ ಮಲಗಲೂ ತೆರಪಿರಲಿಲ್ಲ. ಮುದುಕನ ಸೋಮಾರಿತನವೆಂದು ಅವನು ಮೊದಲ ದಿನ ಭಾವಿಸಿದ್ದುದು ಕೇವಲ ಗಣಿತವಾಗಿತ್ತು.

ಆ ಲೆಕ್ಕದ ಹಾಳೆಯನ್ನು ಹಿಡಿದು ಅವನು ಸಮಿತಿಯ ಸಭೆಗೆ ಹೋದನು. ಸಮಿತಿಯವರು ದುಷ್ಟರಲ್ಲ, ಆದರೆ ಬಾಗಿಲ ಬಳಿಯ ನಾಲ್ಕು ಹಸುಗಳನ್ನೇ ನೋಡಿ ರೂಢಿಯಾಗಿತ್ತು. "ಧರ್ಮಕ್ಕೆ ನಡೆಸುವ ಸಂಸ್ಥೆ ಸ್ವಾಮಿ ಇದು. ತಪ್ಪು ಹುಡುಕಿದರೆ ದಾನ ಕೊಡುವವರೂ ನಿಲ್ಲುತ್ತಾರೆ. ಶಿವನ ಹೆಸರಿನಲ್ಲಿ ನಡೆಯುವುದನ್ನು ಬೀದಿಗೆ ತರಬೇಡಿ" ಎಂದು ಹಿರಿಯರೊಬ್ಬರು ಹೇಳಿದರು.

ಇಲ್ಲಿ ಸದ್ಭಕ್ತರು ನಿಂತು ವಿಚಾರಿಸಬೇಕಾದುದಿದೆ. ಶಿವನಿಂದೆ ಬಾಯಿಂದ ಮಾತ್ರ ಆಗುವುದೇ? ಶಿವನ ಹೆಸರಿನಲ್ಲಿ ದೇಣಿಗೆಯನ್ನೆತ್ತಿ, ಶಿವನ ವಾಹನವೆಂದು ಕೈಮುಗಿದು, ಆ ಪ್ರಾಣಿಯನ್ನೇ ಕೆಸರಿನಲ್ಲಿ ಹಸಿದಿರಿಸುವುದು ಕ್ರಿಯೆಯಿಂದ ಆದ ಶಿವನಿಂದೆ. ಅದನ್ನು ಮುಚ್ಚಿಡುವುದು ಸಂಸ್ಥೆಯ ಮಾನ ಕಾಯುವುದೆಂದು ತೋರಬಹುದು. ವಾಸ್ತವವಾಗಿ ಅದು ನಿಂದೆಯನ್ನು ಕೇಳಿಯೂ ಸುಮ್ಮನಿರುವುದು. ಗಣಾಚಾರಕ್ಕೆ ಅದು ಸಲ್ಲದು. ಹಾಗೆಂದು ಗಣಾಚಾರವು ಬೈಗುಳವಲ್ಲ. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನವರು ಅದನ್ನು ತಂದಲ್ಲಿಗೇ ಹಿಂದಿರುಗಿಸಿರೆಂದು ಪತಿಗೆ ನೇರವಾಗಿ ಹೇಳಿದರು. ತಪ್ಪನ್ನು ಮುಚ್ಚಲಿಲ್ಲ, ಪತಿಯನ್ನು ತೊರೆಯಲೂ ಇಲ್ಲ. ಒಳಗಿನವರು ಒಳಗಿದ್ದುಕೊಂಡು ತಿದ್ದುವ ರೀತಿ ಅದು.

ಅವನೂ ಹಾಗೆಯೇ ಮಾಡಿದನು. "ಹಿರಿಯರೇ, ಬೀದಿಗೆ ತರಲು ಬಂದಿಲ್ಲ. ಹಿಂದಿನ ಕೊಟ್ಟಿಗೆಗೆ ತಮ್ಮನ್ನು ಕರೆದೊಯ್ಯಲು ಬಂದಿದ್ದೇನೆ. ನನ್ನ ಎತ್ತೂ ಅಲ್ಲಿದೆ; ಮೊದಲ ತಪ್ಪು ನನ್ನದು" ಎಂದನು. ಮೊದಲ ತಪ್ಪು ತನ್ನದೆಂದು ಒಪ್ಪಿಕೊಂಡವನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಇಬ್ಬರು ಎದ್ದು ಹೋದರು. ಮೂವರು ಅವನ ಹಿಂದೆ ಕೊಟ್ಟಿಗೆಗೆ ಬಂದರು.

ದೇಶದ ಶಾಸನವೂ ಇಂಥ ಪ್ರಶ್ನೆಗೆ ಬೆಂಬಲವಾಗಿದೆ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯು, ಪ್ರಾಣಿ ಯಾರ ವಶದಲ್ಲಿದೆಯೋ ಅವರೇ ಅದರ ಯೋಗಕ್ಷೇಮಕ್ಕೆ ಸಕಲ ಕ್ರಮಗಳನ್ನು ಕೈಗೊಳ್ಳಬೇಕೆಂದು ವಿಧಿಸುತ್ತದೆ. ದಾನದಿಂದ ನಡೆಯುವ ಸಂಸ್ಥೆಗೆ ಅದರಲ್ಲಿ ವಿನಾಯಿತಿಯಿಲ್ಲ. ಆ ಕಾಯಿದೆಯ ಮೇರೆಗೆ ೧೯೬೨ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪಿತವಾಗಿ, ನೃತ್ಯಕಲೆಯಲ್ಲಿ ಖ್ಯಾತರಾದ ರುಕ್ಮಿಣೀದೇವಿ ಅರುಂಡೇಲ್ ಅವರು ಅದರ ಮೊದಲ ಅಧ್ಯಕ್ಷೆಯಾದರು. ೧೯೭೬ರ ತಿದ್ದುಪಡಿಯಿಂದ ಜೀವಿಗಳಲ್ಲಿ ಅನುಕಂಪವು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿತು. ಇಂಗ್ಲೆಂಡಿನಲ್ಲಿ ೧೯೬೪ರಲ್ಲಿ ರೂತ್ ಹ್ಯಾರಿಸನ್ ಎಂಬ ಮಹಿಳೆ ಸಾಕುಪ್ರಾಣಿಗಳ ದುಃಸ್ಥಿತಿಯನ್ನು ಗ್ರಂಥರೂಪದಲ್ಲಿ ಜನರ ಮುಂದಿಟ್ಟ ಫಲವಾಗಿ ಸರ್ಕಾರ ಸಮಿತಿಯೊಂದನ್ನು ನೇಮಿಸಿತು. ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಅವಕಾಶವಿರಲೇಬೇಕೆಂದು ಆ ಸಮಿತಿ ೧೯೬೫ರಲ್ಲಿ ವರದಿ ಮಾಡಿತು. ಮುಂದೆ ಅದೇ ವಿಚಾರವು ಹಸಿವು, ಅಸೌಖ್ಯ, ನೋವು, ಭಯಗಳಿಂದ ಮುಕ್ತಿ ಮತ್ತು ಸಹಜವಾಗಿ ಬಾಳುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳಾಗಿ ಬೆಳೆಯಿತು. ದೂರದೇಶದವರು ವರದಿ ಬರೆದು ಕಂಡುಕೊಂಡುದನ್ನು ಕರುವಿನ ಕೂಗು ಕೇಳಿ ಮರುಗಿದ ಬಸವಣ್ಣನವರ ಮನೆಯಲ್ಲಿ ಹುಟ್ಟಿದವರು ಮರೆಯುವುದು ತರವೇ?

ಆ ಗೋಶಾಲೆ ಒಂದೇ ದಿನದಲ್ಲಿ ಕೈಲಾಸವಾಗಲಿಲ್ಲ. ಮೂರನೆಯ ಆಳನ್ನು ನೇಮಿಸಿದರು. ರೋಗಿಗಳಿಗೂ ದುರ್ಬಲವಾದುವಕ್ಕೂ ಬೇರೆ ಕಟ್ಟುಗಳಾದವು. ಮೇವಿನ ಲೆಕ್ಕವನ್ನು ಬಾಗಿಲ ಹಲಗೆಯ ಮೇಲೆ ಬರೆಯತೊಡಗಿದರು. ಸ್ಥಳ ಹೆಚ್ಚುವವರೆಗೆ ಹೊಸ ದನಗಳನ್ನು ತೆಗೆದುಕೊಳ್ಳಬಾರದೆಂದು ನಿರ್ಣಯವಾಯಿತು. ಅದರಿಂದ ಬಾಗಿಲಿಗೆ ಬಂದ ಕೆಲವರು ಬೈದು ಹಿಂದಿರುಗಿದರು. ಗುತ್ತೂರಿನ ಹತ್ತು ಮನೆಗಳವರು ಸುಗ್ಗಿಯಲ್ಲಿ ಗದ್ದೆಯ ಹುಲ್ಲನ್ನು ಸುಡದೆ ಮನೆಗೊಂದು ಗಾಡಿಯಂತೆ ಕಳುಹಿಸಲು ಒಪ್ಪಿದರು. ಏಳು ಗಾಡಿ ಬಂದವು. ಇನ್ನೂ ಆಗಬೇಕಾದುದು ಬಹಳ ಉಳಿದಿತ್ತು.

ಬಸಣ್ಣ ಮಾತ್ರ ಏಳಲಿಲ್ಲ. ಹುಣ್ಣು ಮಾಯುತ್ತ ಬಂದಿದ್ದರೂ ಎದ್ದು ನಿಲ್ಲುವ ತ್ರಾಣ ಆ ಕಾಲುಗಳಿಗೆ ಬರಲಿಲ್ಲ. ಶ್ರಾವಣದ ಒಂದು ಮುಂಜಾವು, ಒಣಹುಲ್ಲಿನ ಹಾಸಿನ ಮೇಲೆ, ಒಡೆಯನ ಕೈಯಿಂದ ನೀರು ಕುಡಿದು ಕಣ್ಣು ಮುಚ್ಚಿತು. ಹೆಂಡತಿ ಮನೆಯಲ್ಲಿ ಅತ್ತು, "ಇನ್ನು ಅಲ್ಲಿಗೆ ಯಾಕೆ ಹೋಗುತ್ತೀರಿ?" ಎಂದು ಕೇಳಿದಳು. "ಅಲ್ಲಿರುವ ಎಲ್ಲವನ್ನೂ ಯಾರೋ ಒಬ್ಬರು ಹೆಸರಿಟ್ಟು ಕರೆದವರೇ ಬಿಟ್ಟುಹೋಗಿದ್ದಾರೆ" ಎಂದು ಅವನು ಉತ್ತರವಿತ್ತನು. ಮರುವಾರ ಅವಳೂ ಜೊತೆಗೆ ಹೊರಟಳು.

ಸದ್ಭಕ್ತರು ಈ ದೃಷ್ಟಾಂತದಿಂದ ಗ್ರಹಿಸತಕ್ಕುದು ಇಷ್ಟು. ದುಡಿದ ಪ್ರಾಣಿಯನ್ನು ಮನೆಯಲ್ಲಿಯೇ ಸಾಕಲು ಶಕ್ತಿಯಿರುವವರೆಗೆ ಸಾಕುವುದು ಮೊದಲ ಧರ್ಮ. ಗೋಶಾಲೆಗೆ ಒಪ್ಪಿಸಲೇಬೇಕಾದರೆ ಹುಲ್ಲನ್ನೂ ಒಪ್ಪಿಸಿ, ತಿಂಗಳಿಗೊಮ್ಮೆಯಾದರೂ ಹೋಗಿ ನೋಡತಕ್ಕದ್ದು. ಹಬ್ಬದಂದು ಹೋಗುವವನು ಹೋಳಿಗೆಯ ಬದಲು ಹಸಿಮೇವನ್ನು ಒಯ್ಯಲಿ. ಮುಂದಿನ ಕೊಟ್ಟಿಗೆಗಿಂತ ಹಿಂದಿನ ಕೊಟ್ಟಿಗೆಗೆ ಮೊದಲು ಹೋಗಲಿ. ಕುಂದು ಕಂಡರೆ ಓಡದಿರಲಿ, ಬೈದು ಕೈತೊಳೆದುಕೊಳ್ಳದಿರಲಿ. ಸಲಿಕೆ ಹಿಡಿದು ಕೇಳಲಿ, ಕೇಳಿ ಮತ್ತೆ ಸಲಿಕೆ ಹಿಡಿಯಲಿ. ದಾಸೋಹವೆಂದರೆ ಉಣ್ಣಿಸುವವನ ಸಂತೋಷವಲ್ಲ, ಉಣ್ಣುವ ಜೀವದ ತೃಪ್ತಿ. ಮಾತಿಲ್ಲದ ಜೀವಿ ತೃಪ್ತಿಯಾಯಿತೋ ಇಲ್ಲವೋ ಎಂಬುದನ್ನು ಹೇಳಲಾರದು. ಆದುದರಿಂದಲೇ ಅದನ್ನು ಕಣ್ಣಿಟ್ಟು ನೋಡಬೇಕಾದ ಹೊಣೆ ಭಕ್ತನದು. ಹಾಗೆ ನೋಡಿ ನಡೆದವನ ಬಾಗಿದ ಬೆನ್ನೂ ಬಾಗದ ಮಾತೂ ಎರಡೂ ಶಿವನಿಗೆ ಅರ್ಪಿತವಾಗುತ್ತವೆ.